ಲೆಕ್ಕ ಬರೆಯುವ ಕೈ

ಟ್ಯಾಲಿ ಬರುತ್ತದೆ ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಲೆಕ್ಕ ಬರೆಯಲು ಬರುವ ಹೆಂಗಸಿನ ಹದ ಮಾತ್ರ ಎಲ್ಲರಿಗೂ ಬಾರದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ 4,720 ರೂಪಾಯಿ ತಾಳೆಯಾಗದಿದ್ದರೆ ಸಸ್ಪೆನ್ಸ್ ಖಾತೆಗೆ ತಳ್ಳಿ ಎದ್ದುಹೋಗುವವರಲ್ಲ ಅವರು. “ಅಣ್ಣಾ, ಇದು ಮಗಳ ಫೀಸಾ, ಪೇಂಟಿನ ಬಾಕಿನಾ?” ಎಂದು ಕೇಳಿಯೇ ಮುಂದಿನ ಸಾಲು.

ತಿಂಗಳ 14ಕ್ಕೆ, ಸರಕು ಕಳಿಸಿದವರು ಅಪ್‌ಲೋಡ್ ಮಾಡಿದ ಬಿಲ್ಲುಗಳ ಪಟ್ಟಿ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. ಅದನ್ನು ಖರೀದಿ ಬಿಲ್ಲುಗಳ ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಪೆನ್ಸಿಲಿನ ಟಿಕ್ ಹಾಕುತ್ತಾರೆ. ಸರಕು ಕಳಿಸಿದವನು ಬಿಲ್ ಅಪ್‌ಲೋಡ್ ಮಾಡದಿದ್ದರೆ ಖರೀದಿಗೆ ಕೊಟ್ಟ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲವಲ್ಲ, ಜಿಎಸ್‌ಟಿ ರಿಟರ್ನ್ 3ಬಿ ಸಲ್ಲಿಸುವ ಮೊದಲೇ ಅವನಿಗೆ ಫೋನು ಹೋಗುತ್ತದೆ. (ಗದರುವುದರಲ್ಲೂ ಅವರು ನಿಪುಣೆ.)

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎದ್ದದ್ದೂ ಇದೇ ಪ್ರಶ್ನೆ: ಬಂದ ದುಡ್ಡಿನಲ್ಲಿ ವ್ಯಾಪಾರದ್ದೆಷ್ಟು, ಕೈಸಾಲದ್ದೆಷ್ಟು, ತೆರಿಗೆಯೇ ಇಲ್ಲದ ಹಾಲು-ತರಕಾರಿಯದ್ದೆಷ್ಟು?

ಲೆಕ್ಕ ಬರೆಯಲು ಹೊಸಬರನ್ನು ಹುಡುಕುವವರು ಸಂಬಳದ ಮಾತಿಗೆ ಮೊದಲು ಒಂದು ತಿಂಗಳ ಬಿಲ್ಲಿನ ಕಟ್ಟು ಕೊಟ್ಟು ನೋಡಲಿ. ಕಟ್ಟಿನ ಜೊತೆ ಪ್ರಶ್ನೆಗಳ ಚೀಟಿಯೊಂದು ವಾಪಸು ಬರಬೇಕು. “ಎಲ್ಲ ಸರಿಯಿದೆ ಸಾರ್” ಎಂದಷ್ಟೇ ಬಂದರೆ, ನಾನಂತೂ ಅವರನ್ನು ಇಟ್ಟುಕೊಳ್ಳುವುದಿಲ್ಲ.