ರಸೀದಿ ಕೇಳುವ ಆಟ

ಮಕ್ಕಳನ್ನು ಮೈದಾನಕ್ಕೆ ಇಳಿಸಲು ಕೆನಡಾ ಸರ್ಕಾರ 2007ರಲ್ಲಿ ಆದಾಯ ತೆರಿಗೆಯ ದಾರಿ ಹಿಡಿಯಿತು. ಹದಿನಾರು ತುಂಬದ ಮಗುವಿನ ಕ್ರೀಡಾ ತರಬೇತಿಗೆ ಕಟ್ಟಿದ ಶುಲ್ಕದಲ್ಲಿ 500 ಡಾಲರ್‌ವರೆಗೆ ಲೆಕ್ಕ ತೋರಿಸಿದರೆ ಶೇ 15ರಷ್ಟು, ಅಂದರೆ ಹೆಚ್ಚೆಂದರೆ 75 ಡಾಲರ್ ತೆರಿಗೆ ಇಳಿಯುತ್ತಿತ್ತು. ಸ್ಟೀಫನ್ ಹಾರ್ಪರ್ ಸರ್ಕಾರದ ಈ ಯೋಜನೆಯ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಆದರೆ ಅದನ್ನು ಹೆಣೆಯುವಾಗಲೇ ಬಡವರ ಮನೆ ಬಿಟ್ಟುಹೋಗಿತ್ತು.

ನಿಯಮಗಳನ್ನೇ ನೋಡಿ. ತರಬೇತಿ ವಾರಕ್ಕೊಮ್ಮೆಯಾದರೂ, ಸತತ ಎಂಟು ವಾರ ನಡೆಯಬೇಕು. ಶಿಬಿರವಾದರೆ ಐದು ದಿನ. ಮೇಲ್ವಿಚಾರಣೆ ಇರಬೇಕು, ರಸೀದಿ ಇರಬೇಕು. ಹೆಪ್ಪುಗಟ್ಟಿದ ಕೆರೆಯ ಮೇಲೆ ಸಂಜೆಯಿಡೀ ಗೆಳೆಯರೊಂದಿಗೆ ಹಾಕಿ ಆಡಿ ಬೆವರಿಳಿಸಿದ ಹುಡುಗ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವನನ್ನು ಕ್ಲಬ್ಬಿಗೆ ಸೇರಿಸಬೇಕೆಂದರೆ ಅಪ್ಪ ಅಮ್ಮ ಮೊದಲು ಕೈಯಿಂದ ದುಡ್ಡು ಕಟ್ಟಬೇಕು; ವಿನಾಯಿತಿ ದಕ್ಕುವುದು ಮರುವರ್ಷ ರಿಟರ್ನ್ಸ್ ಸಲ್ಲಿಸಿದ ಮೇಲೆ. ತೆರಿಗೆಯೇ ಬೀಳದಷ್ಟು ಕಡಿಮೆ ಸಂಪಾದನೆಯವರಿಗೆ ಬಿಡಿಗಾಸೂ ಇಲ್ಲ. ಜಾನ್ ಸ್ಪೆನ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು: ಯೋಜನೆಯ ಲಾಭ ಹೆಚ್ಚಾಗಿ ಪಡೆದವರು ಉಳ್ಳವರು. ಹೇಗೂ ಮಗುವನ್ನು ಈಜಿಗೆ ಕಳಿಸುತ್ತಿದ್ದ ಮನೆಯ ಖರ್ಚಿಗೆ ಖಜಾನೆ ಒಂದಿಷ್ಟು ಕೈಜೋಡಿಸಿತು, ಅಷ್ಟೇ. 2014ಕ್ಕೆ ಮಿತಿಯನ್ನು 1000 ಡಾಲರ್‌ಗೆ ಏರಿಸಿದರು. 2015ರಲ್ಲಿ ತೆರಿಗೆ ಕಟ್ಟದವರಿಗೂ ಹಣ ಸಿಗುವಂತೆ ಮಾಡಿದರು. ಸರಿಯಾದ ತಿದ್ದುಪಡಿಯೇ, ಆದರೆ ಎಂಟು ವರ್ಷ ತಡ. ಸರ್ಕಾರ ಬದಲಾಗಿ, 2017ರ ಹೊತ್ತಿಗೆ ಯೋಜನೆಯೇ ಇರಲಿಲ್ಲ.

ಸಿಂಗಪುರ 2015ರಲ್ಲಿ ಶುರುಮಾಡಿದ ಹೆಜ್ಜೆಗಳ ಸವಾಲು ಇದಕ್ಕಿಂತ ಎಷ್ಟೋ ವಾಸಿ. ಅಲ್ಲಿನ ಆರೋಗ್ಯ ಉತ್ತೇಜನ ಮಂಡಳಿ ಹೆಜ್ಜೆ ಎಣಿಸುವ ಕೈಪಟ್ಟಿಯನ್ನು ಪುಕ್ಕಟೆಯಾಗಿ ಹಂಚಿತು. ಮಾರುಕಟ್ಟೆಗೆ ನಡೆದುಹೋದ ಅಜ್ಜಿಯ ಹೆಜ್ಜೆಗೂ ಅಂಕ, ಅಂಕಕ್ಕೆ ಬದಲಾಗಿ ವೋಚರ್. ಮೊದಲು ಖರ್ಚು ಮಾಡಿ ಬನ್ನಿ ಎಂದು ಯಾರನ್ನೂ ಕೇಳಲಿಲ್ಲ. ಆದರೂ ಅದೇ ಊರಿನ 800 ಉದ್ಯೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಬೇರೊಂದು ಪ್ರಯೋಗವನ್ನು ಮರೆಯುವಂತಿಲ್ಲ. ಅವರಲ್ಲಿ ಆರು ತಿಂಗಳು ನಗದು ಪಡೆದವರ ಓಡಾಟ ಹೆಚ್ಚಿತು. ನಗದು ನಿಂತು ಇನ್ನಾರು ತಿಂಗಳು ಕಳೆಯುವಷ್ಟರಲ್ಲಿ ಆ ಹೆಚ್ಚಳ ಉಳಿದಿರಲಿಲ್ಲ.

ಹಣ ನಿಂತಾಗ ಓಡಾಟವೂ ಇಳಿಯುವುದನ್ನು ನೋಡಿದಾಗ ಕೆನಡಾದ ನಷ್ಟ ಇನ್ನೂ ದೊಡ್ಡದೆನಿಸುತ್ತದೆ. ಹತ್ತು ವರ್ಷ ಬಿಟ್ಟುಕೊಟ್ಟ ಆ ತೆರಿಗೆಯನ್ನು ಬಡ ಬಡಾವಣೆಗಳ ಸ್ಕೇಟಿಂಗ್ ಅಂಗಳಕ್ಕೆ, ಶುಲ್ಕವಿಲ್ಲದ ಈಜುಕೊಳಕ್ಕೆ ಹಾಕಿದ್ದರೆ ಯೋಜನೆ ರದ್ದಾದ ಮೇಲೂ ಅಲ್ಲಿ ಮಕ್ಕಳು ಆಡುತ್ತಿದ್ದರು.