ಬಾಣಂತಿಯ ಮನಸ್ಸು ಯಾರ ಲೆಕ್ಕದಲ್ಲಿದೆ?

ಮಗು ಹುಟ್ಟಿದ ಮನೆಯಲ್ಲಿ ಅಳುವ ಹಕ್ಕು ಮಗುವಿಗೆ ಮಾತ್ರ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ತಾಯಿ ಅತ್ತರೆ 'ದೃಷ್ಟಿ ತಾಗಿದೆ' ಎನ್ನುತ್ತೇವೆ. ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗುತ್ತಿಲ್ಲ ಎಂದರೆ 'ಇವಳೆಂಥ ತಾಯಿ' ಎನ್ನುತ್ತೇವೆ. ಭಾರತದ 38 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿ ಖಿನ್ನತೆಗೆ ಒಳಗಾಗುತ್ತಾರೆ. ಇಷ್ಟು ಮಂದಿ ಕೆಟ್ಟ ತಾಯಂದಿರಾಗಿರಲು ಸಾಧ್ಯವೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜನ ಈ ಪ್ರಶ್ನೆ ಕೇಳಿಕೊಳ್ಳಲು ವಿಶೇಷ ಕಾರಣವಿದೆ. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಈ ಊರುಗಳೆಲ್ಲ 1985ರಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆ ವರ್ಷ ನಿಮ್ಹಾನ್ಸ್ ಇದೇ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರುವ ಪ್ರಯೋಗ ಆರಂಭಿಸಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಅದರ ಆಧಾರದಲ್ಲೇ 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ದೇಶಕ್ಕೇ ದಾರಿ ತೋರಿಸಿದ ನೆಲವಿದು.

ಆದರೆ ಆ ದಾರಿ ಬಾಣಂತಿಯ ಕೋಣೆಯ ಹೊಸ್ತಿಲಲ್ಲೇ ನಿಂತಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಹೋಗಬೇಕೆಂಬ ನಿಯಮವಿದೆ. ಅವರು ಮಗುವಿನ ತೂಕ, ಮೈಬಿಸಿ, ತಾಯಿಯ ಜ್ವರ, ರಕ್ತಸ್ರಾವ ವಿಚಾರಿಸುತ್ತಾರೆ. ತಾಯಿ ಅಸಂಬದ್ಧವಾಗಿ ಮಾತಾಡುತ್ತಾಳೆಯೇ, ಫಿಟ್ಸ್ ಬರುತ್ತಿದೆಯೇ ಎಂಬ ಪ್ರಶ್ನೆಯೂ ಅವರ ನಮೂನೆಯಲ್ಲಿದೆ. ಹಿರಿಯರು 'ಬಾಣಂತಿ ಸನ್ನಿ' ಎಂದು ಗುರುತಿಸಿದ್ದನ್ನು ಸರಕಾರವೂ ಗುರುತಿಸುತ್ತದೆ, ನಿಜ. ಕೂಗಾಡಿದವಳು ಕಾಣುತ್ತಾಳೆ. ಗೋಡೆಗೆ ಮುಖ ಮಾಡಿ ಸುಮ್ಮನೆ ಮಲಗಿದವಳು ಕಾಣುವುದಿಲ್ಲ.

ತವರಿನ ಬಾಣಂತನ, ಮುಸ್ಲಿಮ್ ಮನೆಗಳ ನಲವತ್ತು ದಿನಗಳ ಚಿಲ್ಲಾ ಈ ಕೊರತೆಯನ್ನು ತುಂಬಬಹುದಿತ್ತು. ಆದರೆ ಅಲ್ಲಿಯೂ ಎಣ್ಣೆ, ಬಿಸಿನೀರು, ಪಥ್ಯವೆಂದು ಮೈಯ ಆರೈಕೆಯೇ ಮುಗಿಯುವುದಿಲ್ಲ. ಹೆಣ್ಣು ಮಗುವೆಂದು ಯಾರೋ ಆಡಿದ ಒಂದು ಮಾತು ಆ ಆರೈಕೆಯನ್ನೆಲ್ಲ ನೀರಿನಲ್ಲಿ ತೊಳೆದುಬಿಡುತ್ತದೆ. ಗುಳೆ ಹೋಗುವ ಕುಟುಂಬಗಳಿಗೆ ಆ ನಲವತ್ತು ದಿನಗಳ ವಿಶ್ರಾಂತಿಯೂ ಎಟುಕದು. ಊರು ಬಿಟ್ಟು ದುಡಿಯುವ ಗಂಡ ಫೋನಿನಲ್ಲಿ ಮಗುವಿನ ದನಿ ಕೇಳುತ್ತಾನೆ. ಸಾಲದ ಚಿಂತೆಯಲ್ಲಿ ಅವನೂ ಕುಗ್ಗಿರಬಹುದೆಂದು ನಾವು ಯೋಚಿಸುವುದೇ ಇಲ್ಲ.

ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. 1987ರಲ್ಲಿ ಸಿದ್ಧವಾದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿರುವುದು ಹತ್ತೇ ಪ್ರಶ್ನೆಗಳು. ಆರು ಭೇಟಿಗಳಲ್ಲಿ ಒಂದರಲ್ಲಾದರೂ ಅವನ್ನು ಕನ್ನಡದಲ್ಲಿ ಕೇಳಲಿ. ಆಶಾ ಕಾರ್ಯಕರ್ತೆಯರಿಗೆ ಅದಕ್ಕೆ ತಕ್ಕ ತರಬೇತಿಯೂ ಸಂಭಾವನೆಯೂ ಸಿಗಲಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆಯನ್ನು ಪ್ರತಿ ತಾಯಿ ಕಾರ್ಡಿನ ಮೇಲೆ ಬರೆದುಕೊಡಲಿ.

ಉಳಿದದ್ದು ನಮ್ಮ ಕೆಲಸ. ಕೂಸು ನೋಡಲು ಹೋದವರು ಅದರ ಬಣ್ಣ, ತೂಕ ವಿಚಾರಿಸುವ ಮುನ್ನ 'ನೀ ಹೆಂಗದೀಯವ್ವ?' ಎಂದು ಕೇಳಬೇಕು. ಉತ್ತರ ಬರುವಷ್ಟು ಹೊತ್ತು ಕೂರಲೂ ಬೇಕು.