ದೃಶ್ಯಕಾದಂಬರಿಯ ಜನಪ್ರಿಯತೆ

ಶೃಂಗಾರವನ್ನು ಮರೆಯಿಲ್ಲದೆ ವರ್ಣಿಸಿದ ಮಾತ್ರಕ್ಕೆ ಕಥೆಯು ಜನಪ್ರಿಯವಾಗುವುದೆಂಬುದು ಲೋಕದಲ್ಲಿ ಸಾಮಾನ್ಯವಾದ ನಂಬಿಕೆ. ನಿಂದಿಸುವವರೂ ಇದನ್ನೇ ಹೇಳುತ್ತಾರೆ. ಹಣದಾಸೆಯಿಂದ ಬರೆಯುವವರೂ ಇದನ್ನೇ ನಂಬುತ್ತಾರೆ. ಈ ಮಾತು ನಿಜವಾಗಿದ್ದ ಪಕ್ಷದಲ್ಲಿ ಅಂತಹ ಕಥೆಗಳೆಲ್ಲವೂ ಸಮನಾಗಿ ಪ್ರಚಾರ ಪಡೆಯಬೇಕಾಗಿತ್ತು. ಹಾಗಾಗಿಲ್ಲ. ಕೆಲವನ್ನು ಜನರು ವರ್ಷಗಟ್ಟಲೆ ಕಾದು ಓದುತ್ತಾರೆ. ಉಳಿದವು ಹುಟ್ಟಿದಷ್ಟೇ ಬೇಗ ಮರೆತುಹೋಗುತ್ತವೆ. ಈ ತಾರತಮ್ಯಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ವಿಷಯ.

ದೃಶ್ಯಕಾದಂಬರಿಯೆಂಬ ಹೊಸ ಪ್ರಕಾರದಲ್ಲಿ ಈ ಪ್ರಶ್ನೆಯು ಸ್ಫುಟವಾಗಿ ಏಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಪಾತ್ರಗಳ ಚಿತ್ರ, ಕೆಳಗೆ ಅವರ ಮಾತು, ಹಿನ್ನೆಲೆಯಲ್ಲಿ ಸಂಗೀತ. ನಡುನಡುವೆ ವಾಚಕನು ಆರಿಸಿದ ದಾರಿಯಲ್ಲಿ ಕಥೆಯು ಮುಂದೆ ಸಾಗುವುದು. ಇದು ಜಪಾನಿನಲ್ಲಿ ಬೇರೂರಿ ಅನ್ಯದೇಶಗಳಿಗೆ ಹಬ್ಬಿತು. ೨೦೦೪ರಲ್ಲಿ ‘ರೆನ್‌ಪೈ’ ಎಂಬ ಉಚಿತ ಸಾಧನವು ಹೊರಬಂದ ಮೇಲೆ, ಸಂಸ್ಥೆಗಳ ಆಶ್ರಯವಿಲ್ಲದ ಒಬ್ಬಿಬ್ಬರೂ ಇಂತಹ ಕೃತಿಗಳನ್ನು ರಚಿಸುವುದು ಸುಲಭವಾಯಿತು. ಅವುಗಳಲ್ಲಿ ವಯಸ್ಕರಿಗೆಂದೇ ರಚಿತವಾದವು ಅನೇಕ.

ಪ್ರಕಾರವು ಹೊಸತಾದರೂ ಪ್ರಶ್ನೆಯು ನಮಗೆ ಹೊಸತಲ್ಲ. ಅ. ನ. ಕೃಷ್ಣರಾಯರು ವೇಶ್ಯಾಜೀವನವನ್ನು ವಸ್ತುವಾಗಿಟ್ಟುಕೊಂಡು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳನ್ನು ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥದಿಂದ ಅವರು ಅದಕ್ಕೆ ಉತ್ತರವಿತ್ತರು. ವಿವಾದವೇ ಆ ಪುಸ್ತಕಗಳಿಗೆ ಓದುಗರನ್ನು ತಂದಿತೆಂದು ಯಾರಾದರೂ ಹೇಳಬಹುದು. ಇರಲಿ, ವಿವಾದವು ಓದುಗನನ್ನು ಬಾಗಿಲವರೆಗೆ ಕರೆತರಬಲ್ಲುದಲ್ಲದೆ ಒಳಗೆ ಕೂರಿಸಲಾರದು. ಇದೇ ಲೇಖಕರ ‘ಸಂಧ್ಯಾರಾಗ’ವು ೧೯೩೫ರಷ್ಟು ಹಳೆಯದು. ಅದರಲ್ಲಿ ಗಾಯಕನೊಬ್ಬನ ಬಾಳಿನ ಕಥೆಯುಂಟು, ಕೂಗೆಬ್ಬಿಸುವ ವಸ್ತುವಿಲ್ಲ. ಆದರೂ ಮೂವತ್ತು ವರ್ಷಗಳ ಮೇಲೆ, ೧೯೬೬ರಲ್ಲಿ, ಅದು ಚಲನಚಿತ್ರವಾಯಿತು. ಇಂದು ಮೊದಲಿನ ಮೂರನ್ನು ವಿವಾದದೊಡನೆ ನೆನೆಯುತ್ತೇವೆ. ‘ಸಂಧ್ಯಾರಾಗ’ವನ್ನು ಅದರ ಗಾಯಕನಿಗಾಗಿ ನೆನೆಯುತ್ತೇವೆ.

ಜಪಾನಿನ ನಿದರ್ಶನವು ಇದನ್ನು ಇನ್ನೂ ಚೆನ್ನಾಗಿ ತೋರಿಸುವುದು. ೨೦೦೦ದ ಡಿಸೆಂಬರಿನಲ್ಲಿ ಕಿನೊಕೊ ನಾಸು ಎಂಬ ಲೇಖಕರೂ ತಾಕಾಶಿ ತಾಕೆಉಚಿ ಎಂಬ ಚಿತ್ರಕಾರರೂ ತಮ್ಮ ಸಣ್ಣ ಬಳಗದೊಡನೆ ‘ತ್ಸುಕಿಹಿಮೆ’ ಎಂಬ ದೃಶ್ಯಕಾದಂಬರಿಯನ್ನು ಸ್ವಂತವಾಗಿ ಹೊರತಂದು ಮೇಳವೊಂದರಲ್ಲಿ ಮಾರಿದರು. ಅದರಲ್ಲಿ ಸಂಭೋಗಶೃಂಗಾರದ ಸನ್ನಿವೇಶಗಳಿದ್ದವು. ಅದರ ಪುನಾರಚನೆಯು ೨೦೦೮ರಲ್ಲಿ ಘೋಷಿತವಾಗಿ ೨೦೨೧ರಲ್ಲಿ ಹೊರಬಂದಿತು. ಆ ಸನ್ನಿವೇಶಗಳು ಅದರಲ್ಲಿಲ್ಲ. ಶೃಂಗಾರವೇ ಜನಪ್ರಿಯತೆಯ ಮೂಲವಾಗಿದ್ದರೆ ಅದನ್ನು ಕಳೆದ ಕೃತಿಗಾಗಿ ಹದಿಮೂರು ವರ್ಷ ಕಾಯುವವರು ಯಾರು? ವಾಚಕರು ಕಾದುದು ಆ ಕಥಾಲೋಕಕ್ಕಾಗಿ, ಅದರ ಪಾತ್ರಗಳಿಗಾಗಿ.

ಆದುದರಿಂದ ಪಾತ್ರದ ಜೀವಂತಿಕೆಯೇ ಮೊದಲನೆಯ ಕಾರಣ. ಎರಡನೆಯದು ವಾಚಕನಿಗೆ ದೊರೆಯುವ ಪಾಲು. ಅವನು ಆರಿಸಿದ ದಾರಿಯಿಂದ ಪಾತ್ರವೊಂದರ ಬಾಳು ನಿಜವಾಗಿ ಬೇರೆಯಾದರೆ, ಫಲಕ್ಕೆ ತಾನೂ ಹೊಣೆಯೆಂದು ಅವನಿಗೆ ತೋರುವುದು. ಯಾವ ದಾರಿಯನ್ನು ಹಿಡಿದರೂ ಒಂದೇ ಊರು ಸೇರುವುದಾದರೆ ಆಯ್ಕೆಯು ಬರಿಯ ಆಟ.

ಮೂರನೆಯದು ಕರ್ತೃವಿನಲ್ಲಿ ವಾಚಕರಿಗಿರುವ ವಿಶ್ವಾಸ. ರಾಜಾಜಿನಗರ, ವಿಜಯನಗರಗಳಂತಹ ಬಡಾವಣೆಗಳಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ಕಂಡವರು ಇದನ್ನು ಬಲ್ಲರು. ಓದುಗರು ಪುಸ್ತಕದ ಹೆಸರಿಗಿಂತ ಮೊದಲು ಲೇಖಕರ ಹೆಸರು ಹೇಳಿ, ಅವರದು ಹೊಸತು ಬಂದಿದೆಯೇ ಎಂದು ವಿಚಾರಿಸುತ್ತಿದ್ದರು. ಸ್ವತಂತ್ರ ದೃಶ್ಯಕಾದಂಬರಿಗಳಲ್ಲಿ ಹಲವು ಈಗ ಕಂತುಕಂತಾಗಿ ಬರುತ್ತವೆ. ೨೦೧೩ರಲ್ಲಿ ಹುಟ್ಟಿದ ಪೇಟ್ರಿಯಾನ್‌ನಂತಹ ಏರ್ಪಾಡುಗಳ ಮೂಲಕ ಓದುಗರು ತಿಂಗಳು ತಿಂಗಳು ಹಣವಿತ್ತು ಕರ್ತೃವನ್ನು ಪೋಷಿಸುತ್ತಾರೆ. ಹೇಳಿದ ಕಾಲಕ್ಕೆ ಕಂತನ್ನು ಕೊಡುವವನು ಬೆಳೆಯುತ್ತಾನೆ. ಅರ್ಧಕ್ಕೆ ಕೈಬಿಟ್ಟವನನ್ನು, ಅವನ ಚಿತ್ರಗಳು ಎಷ್ಟೇ ಚೆಲುವಾಗಿರಲಿ, ಜನರು ಮತ್ತೆ ನಂಬುವುದಿಲ್ಲ.

ಔಚಿತ್ಯಭಂಗವೇ ರಸಭಂಗಕ್ಕೆ ಕಾರಣವೆಂಬ ಆನಂದವರ್ಧನನ ಮತವು ಇಲ್ಲಿಯೂ ಸಲ್ಲುವುದು. ಕಥೆಯ ಗತಿಯಿಂದ ತಾನಾಗಿ ಒದಗಿಬಂದ ಶೃಂಗಾರವು ಪಾತ್ರವನ್ನು ಬೆಳಗಿಸುವುದು. ಹೊರಗಿನಿಂದ ತಂದು ಅಂಟಿಸಿದುದು ಒಂದು ಸಲದ ಕುತೂಹಲವನ್ನು ತಣಿಸಿ ಬೇಸರವನ್ನು ಉಳಿಸುವುದು.

ಈ ವಿವೇಚನೆಯಿಂದ ನಮ್ಮ ಮನೆಗಳಿಗೂ ಪ್ರಯೋಜನವುಂಟು. ವಯಸ್ಕರಿಗೆಂದು ರಚಿತವಾದುದು ಮಕ್ಕಳ ಕೈಗೆ ಸಿಕ್ಕಬಾರದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಸವೇಶ್ವರನಗರದಲ್ಲಿಯೋ ಕೆಂಗೇರಿಯಲ್ಲಿಯೋ ಪ್ರಾಪ್ತವಯಸ್ಕನಾದ ಮಗನೋ ಮಗಳೋ ಇಂತಹ ಕೃತಿಯನ್ನು ಓದುತ್ತಿದ್ದರೆ, ಹಿರಿಯರು ಕೇವಲ ಕಾಮವೆಂದು ಅದನ್ನು ತಳ್ಳಿಬಿಡುವುದು ಸಾಲದು; ಅದರಲ್ಲಿ ನಿನಗೆ ಪ್ರಿಯವಾದ ಪಾತ್ರ ಯಾವುದು ಎಂದು ಕೇಳಬೇಕು. ಉತ್ತರವಿದ್ದರೆ ಅಲ್ಲಿ ಸಾಹಿತ್ಯದ ಬೀಜವಿದೆ. ಕನ್ನಡದಲ್ಲಿ ಈ ಪ್ರಕಾರವನ್ನು ಕೈಗೊಳ್ಳುವ ತರುಣ ಲೇಖಕರೂ ಬರೆಯುವ ಮುನ್ನ ತಮ್ಮನ್ನು ಈ ಪ್ರಶ್ನೆಯನ್ನೇ ಕೇಳಿಕೊಳ್ಳುವುದು ಒಳ್ಳೆಯದು.